ಜೊಂಡು ಬಿಟ್ಟು ಕೊಂಬೆ ಹತ್ತಿದ ಹುಂಡುಕೋಳಿ

ಮಕ್ಕಳೇ, ದೊಡ್ಡ ಕಾಡೊಂದರ ನಡುವೆ ಒಂದು ಕೆರೆಯಿತ್ತು. ಅದರ ಪಡುವಣ ಕಡೆ ಬಂಡೆಗಲ್ಲಿನ ಇಳಿಜಾರು, ಮೂಡಣ ಕಡೆ ಮೆತ್ತನೆಯ ಮರಳಿನ ದಂಡೆ. ಮರಳಿನ ಅಂಚಿಗೆ ಆಳೆತ್ತರದ ಜೊಂಡುಹುಲ್ಲು ಬೆಳೆದಿತ್ತು. ದೊಡ್ಡ ಪ್ರಾಣಿಗಳಿಗೆ ಬಂಡೆಯ ಕಡೆ ಇಳಿಯುವುದೇನೂ ಕಷ್ಟವಲ್ಲ. ಆದರೂ ಮರಳು ಕಾಲಿಗೆ ಹಿತ ನೋಡಿ, ಸಂಜೆಯಾದರೆ ಆನೆಗಳೂ ಕಾಡುಕೋಣಗಳೂ ಆ ಕಡೆಗೇ ಬಂದು, ನೀರು ಕುಡಿದು, ಹೊರಳಾಡಿ, ಮೈಗೆ ಮಣ್ಣೆರಚಿಕೊಂಡು ಹೋಗುತ್ತಿದ್ದವು.

ಆ ಮರಳಿನೊಳಗೇ ಕಲ್ಲಮ್ಮ ಎಂಬ ಆಮೆ ಮೊಟ್ಟೆಯಿಡುತ್ತಿದ್ದಳು. ಅವಳಿಗೆ ಬೇರೆ ದಾರಿಯಿರಲಿಲ್ಲ. ಬಂಡೆಯಲ್ಲಿ ಗುಂಡಿ ತೋಡಲಾಗದು, ಕೆಸರಿನಲ್ಲಿಟ್ಟರೆ ಮೊಟ್ಟೆ ಕೊಳೆತುಹೋಗುತ್ತದೆ. ಚಳಿಗಾಲದಲ್ಲಿ ಹಿಂಗಾಲಿನಿಂದ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡಿ, “ಗಂಗಮ್ಮ ತಾಯಿ, ಇವು ನಿನ್ನವು, ನೀನೇ ಕಾಯಿ” ಎಂದು ಕೈಮುಗಿದು ನೀರಿಗಿಳಿಯುವಳು. ಮೊದಲ ಮಳೆಯ ಹೊತ್ತಿಗೆ ಮರಿಗಳು ಹೊರಗೆ ಬರಬೇಕು. ಆದರೆ ಬೇಸಗೆಯುದ್ದಕ್ಕೂ ಮೇಲೆ ಆನೆಯ ಕಾಲು, ಕೋಣದ ಗೊರಸು. ಕಲ್ಲಮ್ಮ ನೀರಿನಿಂದ ತಲೆಯಷ್ಟನ್ನೇ ಎತ್ತಿ ಆ ಕಾಲುಗಳನ್ನು ನೋಡುತ್ತಿದ್ದಳು. ಒಂದೊಂದು ಹೆಜ್ಜೆ ಬಿದ್ದಾಗಲೂ ಅವಳ ಕತ್ತು ತಾನಾಗಿ ಚಿಪ್ಪಿನೊಳಗೆ ಹೋಗುತ್ತಿತ್ತು. ಮಳೆ ಬರುತ್ತಿತ್ತು, ಮರಿ ಬರುತ್ತಿರಲಿಲ್ಲ.

ಜೊಂಡಿನಲ್ಲಿ ಹುಂಡಪ್ಪ ಎಂಬ ಹುಂಡುಕೋಳಿ ವಾಸವಾಗಿದ್ದ. ಹುಂಡುಕೋಳಿಯನ್ನು ನೀವು ನೋಡಿರಬಹುದು. ಎದೆ ಬಿಳಿ, ಬೆನ್ನು ಕಪ್ಪು. ಮೈ ಚಿಕ್ಕದು, ಗಂಟಲು ಮಾತ್ರ ಬಲು ದೊಡ್ಡದು. ಒಂದು ಸಂಜೆ ಆನೆಮರಿಯೊಂದು ಅವನ ಗೂಡನ್ನು ತುಳಿದುಬಿಟ್ಟಿತು. ಹುಂಡಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂದು, “ಕ್ರುವಾಕ್! ಕ್ರುವಾಕ್!” ಎಂದು ಕೂಗಿಯೇ ಕೂಗಿದ. ಪಕ್ಕದಲ್ಲಿದ್ದ ಕಪ್ಪೆ ದೇವೀರಕ್ಕನಿಗೆ ಕರುಳು ಚುರುಕ್ಕೆಂದಿತು. ಅವಳೂ ಅವಳ ಬಳಗವೂ ದನಿಗೂಡಿಸಿದವು. ಬೆಳ್ಳಕ್ಕಿಗಳು ಒಮ್ಮೆಗೇ ರೆಕ್ಕೆ ಬಡಿದು ಮೇಲೆದ್ದವು. ಏಡಿಗಳು ಕಲ್ಲಿಗೆ ಕಲ್ಲು ಕುಟ್ಟಿದವು. ಇದೇನು ಭೂಮಿ ಬಾಯಿಬಿಟ್ಟಿತೋ ಎಂದು ಆನೆಮರಿಗಳು ಬೆದರಿ ಓಡಿದವು. ಮರಿಗಳ ಹಿಂದೆ ತಾಯಂದಿರು, ತಾಯಂದಿರ ಹಿಂದೆ ಇಡೀ ಹಿಂಡು! ಆ ಸಂಜೆ ಆನೆಗಳು ಬಂಡೆಯ ಕಡೆ ಹೋಗಿ ನೀರು ಕುಡಿದವು.

“ನೋಡಿದ್ಯಾ ಕಲ್ಲಮ್ಮಕ್ಕ?” ಹುಂಡಪ್ಪ ಏದುಸಿರು ಬಿಡುತ್ತಾ ಕೇಳಿದ. “ನಾನೊಬ್ಬನೇ ಕೂಗಿದ್ರೆ ಯಾರ ಕಿವಿಗೂ ಬೀಳ್ತಿರಲಿಲ್ಲ.”

“ದಿನಾ ಹೀಗೇ ಕೂಗಿದ್ರೆ?” ಎಂದಳು ಕಲ್ಲಮ್ಮ.

ಹಾಗೆ ಹುಟ್ಟಿತು ದಂಡೆಯ ಕೂಟ. ಜೊಂಡಿನ ಗರಿಯೇ ಅದರ ಗುರುತು. ಕೂಟಕ್ಕೆ ಸೇರಿದವರೆಲ್ಲ ಬಾಯಲ್ಲೋ ಕೊಕ್ಕಿನಲ್ಲೋ ಒಂದು ಗರಿ ಹಿಡಿದು, “ಮರಳು ನಮ್ಮದು, ಬಂಡೆ ನಿಮ್ಮದು” ಎಂದು ಹೇಳಬೇಕು. ಕೆಲಸವನ್ನೂ ಹಂಚಿಕೊಂಡರು. ಕಲ್ಲಮ್ಮನಿಗೆ ಗಂಟಲಿಲ್ಲ, ಆದರೆ ದೂರದಲ್ಲಿ ಬೀಳುವ ಹೆಜ್ಜೆಯ ಅದುರು ಅವಳ ಹೊಟ್ಟೆಯ ಚಿಪ್ಪಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಅವಳು ಮರಳಿಗೆ ಹೊಟ್ಟೆಯಾನಿಸಿ ಕೂರುವಳು. ಅದುರು ತಿಳಿದ ಕೂಡಲೇ ದೇವೀರಕ್ಕನಿಗೆ ಹೇಳುವಳು. ದೇವೀರಕ್ಕ ಮೊದಲ ಕೂಗು ಹಾಕುವಳು, ಹುಂಡಪ್ಪ ಅದನ್ನೆತ್ತಿಕೊಳ್ಳುವನು, ಆಮೇಲೆ ಇಡೀ ಜೊಂಡು ಕೂಗುವುದು. ಯಾರೊಬ್ಬರೂ ಸರದಿ ತಪ್ಪಿಸುವ ಹಾಗಿರಲಿಲ್ಲ.

ಆನೆಗಳಿಗೂ ಕೋಣಗಳಿಗೂ ಬೇಸರ ಬಂತು. ನೀರು ಕುಡಿಯಲು ಬಂದವರಿಗೆ ನೆಮ್ಮದಿ ಬೇಕಲ್ಲವೇ? ಅವು ಬಂಡೆಯ ಕಡೆ ತಿರುಗಿದವು. ಮರಳಿನ ಮೇಲೆ ಹುಳುಹುಪ್ಪಟೆಯ ಗೆರೆ ಬಿಟ್ಟರೆ ಬೇರೆ ಹೆಜ್ಜೆ ಉಳಿಯಲಿಲ್ಲ. ಆ ಚಳಿಗಾಲ ಕಲ್ಲಮ್ಮ ಜೊಂಡಿನಿಂದ ಸ್ವಲ್ಪ ಈಚೆಗೆ, ಬಿಸಿಲು ಚೆನ್ನಾಗಿ ಬೀಳುವ ಕಡೆ ಗುಂಡಿ ತೋಡಿ ಮೊಟ್ಟೆಯಿಟ್ಟಳು.

“ಈ ಸಲ ಮರಿ ನೋಡ್ತೀಯ ಬಿಡಕ್ಕ. ನಾನಿದ್ದೀನಿ” ಎಂದ ಹುಂಡಪ್ಪ.

ಅವನ ಮಾತು ಸುಳ್ಳಾಗಿರಲಿಲ್ಲ. ಆಗಿನ್ನೂ ಅವನು ಜೊಂಡಿನಲ್ಲೇ ಇದ್ದ.

ಚಳಿ ಹಿಂದಾದ ಮೇಲೆ ಕಾಡಿನ ಸಭೆ ಬಂತು. ಕೆರೆಯ ನೀರು ಕುಡಿಯುವವರೆಲ್ಲ ದಿಬ್ಬದ ಮೇಲಿನ ಬಸರಿ ಮರದ ಕೆಳಗೆ ಸೇರಿ ಕಾಡಿಗೊಬ್ಬ ಯಜಮಾನರನ್ನು ಆರಿಸುವುದು ಅಲ್ಲಿನ ಪದ್ಧತಿ. ಬೇಕಾದವರ ಹಿಂದೆ ಹೋಗಿ ನಿಂತರಾಯಿತು, ಯಾರ ಹಿಂದೆ ಹೆಚ್ಚು ಮಂದಿಯೋ ಅವರೇ ಯಜಮಾನರು. ಮುಂದಿನ ಸಭೆಯಲ್ಲಿ ಮಂದಿ ಬೇರೆ ಕಡೆ ನಿಂತರೆ ಯಜಮಾನಿಕೆಯೂ ಆ ಕಡೆಗೆ. ಆ ಸಲ ಹಿರಿಯಾನೆ ದೊಡ್ಡಮ್ಮನ ಹಿಂದೆ ನಿಂತವರೂ ಕೋಣಗಳ ಹಿರಿಯನ ಹಿಂದೆ ನಿಂತವರೂ ಸರಿಸಮ ಆಗಿಬಿಟ್ಟರು. ಎಷ್ಟು ಸಲ ನೋಡಿದರೂ ಸಮ. ನಡುವೆ ಬಾಕಿ ಉಳಿದಿದ್ದದ್ದು ಜೊಂಡಿನ ಗರಿ ಹಿಡಿದ ದಂಡೆಯ ಕೂಟ ಮಾತ್ರ.

ಎಲ್ಲರ ಕಣ್ಣೂ ಹುಂಡಪ್ಪನ ಮೇಲೆ ಬಿತ್ತು. ಜನ್ಮದಲ್ಲಿ ಅವನನ್ನು ಅಷ್ಟು ಕಣ್ಣುಗಳು ನೋಡಿರಲಿಲ್ಲ.

ಆನೆಗಳ ಪರವಾಗಿ ಮಾತಾಡಲು ಒಬ್ಬ ಮುಸುವ ಬಂದ. ಕಪ್ಪು ಮೋರೆ, ಉದ್ದ ಬಾಲ, ಮಾತು ಬೆಲ್ಲ.

“ಏನು ಬೇಕು ಹುಂಡಪ್ಪಣ್ಣ, ಹೇಳಿ.”

“ಮರಳಿನ ಕಡೆ ದೊಡ್ಡವರು ಯಾರೂ ಇಳೀಬಾರದು. ಅದನ್ನ ದೊಡ್ಡಮ್ಮನೋರು ಸಭೆ ಮುಂದೆ ಬಾಯಿಬಿಟ್ಟು ಹೇಳ್ಬೇಕು.”

“ಅಷ್ಟೇನಾ?” ಮುಸುವ ಕಿಸಕ್ಕನೆ ನಕ್ಕ. “ಇಷ್ಟು ದೊಡ್ಡ ಬಲ ಕೈಯಲ್ಲಿಟ್ಕೊಂಡು ಒಂದು ಹಿಡಿ ಮರಳು ಕೇಳ್ತೀರಲ್ಲಣ್ಣ! ಕೊಂಬೆ ಕೇಳಿ. ದೊಡ್ಡಮ್ಮನ ತಲೆಯ ಮೇಲುಗಡೆ, ಬಸರಿಯ ಬಲಗಡೆ ಕೊಂಬೆ. ಕೊಂಬೆ ಸಿಕ್ಕಿದ ಮೇಲೆ ಮರಳು ಎಲ್ಲಿಗೆ ಹೋಗುತ್ತೆ? ನಿಮ್ಮ ಕಾಲಕೆಳಗೇ ಇರುತ್ತೆ.”

ಹುಂಡಪ್ಪ ತಲೆಯೆತ್ತಿ ಕೊಂಬೆ ನೋಡಿದ. ಅವನ ಬಾಲ ಟಪಟಪನೆ ಎರಡು ಸಲ ಮೇಲೆದ್ದಿತು.

“ಒಂದೇ ಒಂದು ಮಾತು” ಎಂದ ಮುಸುವ. “ನೀರು ಕುಡಿಯೋ ಹೊತ್ತಿನಲ್ಲಿ ಆ ಕೂಗಾಟ ಬೇಡ. ಈಗ ಯಜಮಾನಿಕೆ ನಿಮ್ಮದೂ ಹೌದು ತಾನೇ? ನಿಮ್ಮ ಮೇಲೆ ನೀವೇ ಕೂಗೋದುಂಟಾ? ನೋಡಿದವರು ನಗಲ್ವಾ?”

ಹುಂಡಪ್ಪನಿಗೆ ಈ ಮಾತು ಬಲು ಒಪ್ಪಿಗೆಯಾಯಿತು. ಅವನು ಗರಿ ಹಿಡಿದು ದೊಡ್ಡಮ್ಮನ ಹಿಂದೆ ಹೋಗಿ ನಿಂತ. ಅವನ ಹಿಂದೆ ಇಡೀ ದಂಡೆ ಹೋಗಿ ನಿಂತಿತು. ದೊಡ್ಡಮ್ಮ ಯಜಮಾನಿಯಾದಳು, ಹುಂಡಪ್ಪ ಕೊಂಬೆಗೇರಿದ.

ಕಲ್ಲಮ್ಮ ದಿಬ್ಬ ಹತ್ತಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. “ಮರಳಿನ ಮಾತು ಆಡಿದ್ಯೇನಪ್ಪ?” ಎಂದು ಕೆಳಗಿನಿಂದ ಕೂಗಿ ಕೇಳಿದಳು.

“ಅದು ನನ್ನ ಮನಸ್ಸಿನಲ್ಲೇ ಇದೆ ಅಕ್ಕ!”

“ಅವರ ಬಾಯಿಂದ ಬಂತಾ?”

“ಇವತ್ತೇ ಎಲ್ಲಾ ಕೇಳಿದ್ರೆ ಚೆನ್ನಾಗಿರುತ್ತಾ? ಸ್ವಲ್ಪ ತಾಳು.”

ಗೆದ್ದವನ ಮುಖ ಬಾಡಿಸಲು ಕಲ್ಲಮ್ಮನಿಗೆ ಮನಸ್ಸಾಗಲಿಲ್ಲ. ಮೆಲ್ಲಗೆ ದಿಬ್ಬ ಇಳಿದು ತನ್ನ ಗುಂಡಿಯ ಕಡೆಗೆ ಹೋದಳು.

ಮೊದಮೊದಲು ಆನೆಗಳು ಬಂಡೆಯ ಕಡೆಯೇ ಇಳಿದವು. ಆಮೇಲೊಂದು ಸಂಜೆ ಕಾಲು ನೋವಿನ ಮುದಿ ಆನೆಯೊಂದು ಮರಳಿಗೆ ಬಂದಿತು. ಹೆಜ್ಜೆಯ ಅದುರು ತಿಳಿದು ಕಲ್ಲಮ್ಮ ದೇವೀರಕ್ಕನಿಗೆ ಹೇಳಿದಳು. ದೇವೀರಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

“ಕೂಗಬಾರದು ಅಂತ ಹುಂಡಪ್ಪ ಹೇಳಿಕಳಿಸಿದ್ದಾನೆ ಕಣಕ್ಕ. ಮುದುಕ, ಪಾಪ. ಇವನೊಬ್ಬನಿಗೆ ಬಿಡ್ರಿ ಅಂದಿದ್ದಾನೆ.”

ಮುದಿ ಆನೆ ಹೋದ ಮೇಲೆ ಕಲ್ಲಮ್ಮ ದಂಡೆಗೆ ಬಂದು ನೋಡಿದಳು. ಹೆಜ್ಜೆಗಳು ಅವಳ ಗುಂಡಿಯಿಂದ ದೂರದಲ್ಲೇ ಹಾದುಹೋಗಿದ್ದವು. ಗಂಗಮ್ಮ ತಾಯಿಗೆ ಕೈಮುಗಿದಳು.

ಮರುದಿನ ಮುದುಕನ ಜೊತೆಗೆ ಒಂದು ಮರಿ ಬಂದಿತು. ಮರಿಯ ಹಿಂದೆ ತಾಯಿ ಬಂದಳು. ತಾಯಿಯ ಜೊತೆಗೆ ಅವಳ ತಂಗಿ ಬರದೇ ಇರುತ್ತಾಳೆಯೇ? ಆನೆಗಳಿಗೆ ಬಿಟ್ಟ ಮೇಲೆ ನಮಗೇನಾಯಿತು ಎಂದು ಕೋಣಗಳೂ ಆಚೆ ತುದಿಯಿಂದ ಇಳಿಯತೊಡಗಿದವು. ದಂಡೆಯಲ್ಲಿ ಕೂಗುವವರೂ ಕಡಿಮೆಯಾಗಿದ್ದರು. ಒಳ್ಳೆ ಗಂಟಲಿನ ಹುಂಡುಕೋಳಿಗಳನ್ನೆಲ್ಲ ಹುಂಡಪ್ಪ ತನ್ನ ಕೊಂಬೆಯ ಅಕ್ಕಪಕ್ಕ ಕೂರಿಸಿಕೊಂಡಿದ್ದ. ದೊಡ್ಡಮ್ಮ ಮಾತಾಡಿದಾಗಲೆಲ್ಲ ಅವು “ಹೌದು, ಹೌದು” ಅನ್ನಬೇಕಿತ್ತು. ಬೆಳ್ಳಕ್ಕಿಗಳು ಕೋಣಗಳ ಬೆನ್ನೇರಿ ಹುಳ ಹೆಕ್ಕಿಕೊಂಡು ಹಾಯಾಗಿದ್ದವು.

“ಏನ್ರಮ್ಮ, ಗರಿ ಎಲ್ಲಿ?” ಎಂದು ದೇವೀರಕ್ಕ ಅವುಗಳನ್ನು ಚುಚ್ಚಿದಳು.

“ಗರಿ ಕಚ್ಕೊಂಡ್ರೆ ಹುಳ ತಿನ್ನೋದು ಯಾವ ಬಾಯಲ್ಲಿ?” ಎಂದವು ಅವು.

ಕಲ್ಲಮ್ಮ ರಾತ್ರಿ ಹಗಲೆನ್ನದೆ ಗುಂಡಿಯ ಪಕ್ಕದಲ್ಲೇ ಹೊಟ್ಟೆಯೂರಿ ಕೂರತೊಡಗಿದಳು. ಹೆಜ್ಜೆಗಳ ಅದುರು ದೂರದಲ್ಲಿ ಶುರುವಾಗುವುದು, ಹತ್ತಿರವಾಗುವುದು, ಚಿಪ್ಪಿನೊಳಗೆಲ್ಲ ತುಂಬುವುದು. ಬರುತ್ತಿದ್ದಾರೆಂದು ಅವಳಿಗೆ ಮಾತ್ರ ಗೊತ್ತು. ಗೊತ್ತಿದ್ದು ಏನು ಫಲ? ಹೇಳೋಣವೆಂದರೆ ಕೇಳುವವರಿಲ್ಲ. ತಾನೇ ಕೂಗೋಣವೆಂದರೆ ಗಂಟಲಿಲ್ಲ.

ಕೊನೆಗೆ ಅವಳು ಮತ್ತೆ ದಿಬ್ಬ ಹತ್ತಿದಳು. ಬಿಸಿಲಿಗೆ ಕಾದ ನೆಲದಲ್ಲಿ ಹೊಟ್ಟೆ ಸುಡುತ್ತಿತ್ತು. ಹೆಜ್ಜೆ ಹೆಜ್ಜೆಗೂ ನಿಂತು ಹಿಂದಿರುಗಿ ಕೆರೆಯ ಕಡೆ ನೋಡುತ್ತಿದ್ದಳು. ತಾನಿಲ್ಲದ ಹೊತ್ತಿನಲ್ಲಿ ಅಲ್ಲೇನಾಗುತ್ತಿದೆಯೋ!

“ಹುಂಡಪ್ಪ, ಕೆಳಗೆ ಬಾರಪ್ಪ. ಹೆಜ್ಜೆಗಳು ಗುಂಡಿಯ ಪಕ್ಕಕ್ಕೇ ಬಂದಿವೆ.”

“ಅಕ್ಕ, ಮೆಲ್ಲಗೆ ಮಾತಾಡು. ಸಭೆ ನಡೀತಿದೆ.”

“ಒಂದು ಸಂಜೆ ಬಂದು ಕೂಗಿ ಹೋಗು ಸಾಕು.”

“ನಾನು ಈಗ ಹಾಗೆಲ್ಲ ಕೂಗೋ ಹಾಗಿಲ್ಲ. ನನಗೂ ಒಂದು ಮರ್ಯಾದೆ ಅಂತ ಇದೆ.” ಆಮೇಲೆ ಅವನು ಬಗ್ಗಿ, ದನಿ ತಗ್ಗಿಸಿ ಹೇಳಿದ: “ನಿನಗೊಬ್ಬಳಿಗೇ ಹೇಳ್ತೀನಿ. ಕೋಣಗಳ ಕಡೆಯಿಂದ ಮಾತು ಬಂದಿದೆ. ನಾನು ಆ ಕಡೆ ಹಾರಿದ್ರೆ ಆ ಹಿರಿಯನೇ ಯಜಮಾನ, ನಾನು ಉಪಯಜಮಾನ! ಆಮೇಲೆ ಮರಳಿನ ಮಾತು ನಾನೇ ಆಡ್ತೀನಿ. ಇದೆಲ್ಲಾ ದಂಡೆಗೋಸ್ಕರನೇ ಅಕ್ಕ.”

ಕಲ್ಲಮ್ಮ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುತ್ತಿದ್ದ ಮುಖವಲ್ಲ ಅದು. ಹೇಳಿದ್ದನ್ನೆಲ್ಲ ನಂಬಿಯೇ ಹೇಳುತ್ತಿದ್ದ. ಅದನ್ನು ಕಂಡು ಅವಳಿಗೆ ಇನ್ನೂ ಹೆದರಿಕೆಯಾಯಿತು.

ಮುಂದಿನ ಸಭೆಯಲ್ಲಿ ಹುಂಡಪ್ಪ ಬಲಗಡೆಯ ಕೊಂಬೆಯಿಂದ ಎಡಗಡೆಯ ಕೊಂಬೆಗೆ ಹಾರಿದ. ಕೋಣಗಳ ಬೆನ್ನೇರಿದ್ದ ಬೆಳ್ಳಕ್ಕಿಗಳೂ ಆ ಕಡೆಗೇ ನಿಂತಿದ್ದರಿಂದ ದೊಡ್ಡಮ್ಮನ ಯಜಮಾನಿಕೆ ಹೋಗಿ ಕೋಣಗಳ ಹಿರಿಯನಿಗೆ ಬಂತು. ಆದರೆ ಹುಂಡಪ್ಪನ ಹಿಂದೆ ಹಾರಿದವರು ಕೆಲವರೇ. ಮಿಕ್ಕ ಹುಂಡುಕೋಳಿಗಳು, “ಇಲ್ಲಿನ ಕೊಂಬೆ ನಮಗೆ ಒಗ್ಗಿದೆ” ಎಂದು ಆನೆಯ ಕಡೆಯೇ ಉಳಿದವು. ಏಡಿಗಳು, “ಯಾವ ಕಡೆ ಗರಿ ಹಿಡೀಬೇಕೋ ನಮಗೆ ತಿಳೀತಿಲ್ಲ, ನಮ್ಮ ಬಿಲ ನಾವು ನೋಡ್ಕೋತೀವಿ” ಎಂದು ಬಿಲ ಸೇರಿದವು. ದೇವೀರಕ್ಕ ಮಾತ್ರ ದಿಬ್ಬದ ತನಕ ಬಂದು ಅವನನ್ನು ತಡೆದಳು.

“ಅಯ್ಯಾ ಉಪಯಜಮಾನ, ಈಗಲಾದ್ರೂ ಕೂಗೋದಾ, ಇನ್ನೂ ಬಾಯಿ ಮುಚ್ಕೊಂಡೇ ಇರೋದಾ?”

“ಇನ್ನು ಸ್ವಲ್ಪ ದಿನ ದೇವೀರಕ್ಕ. ಕೋಣಪ್ಪನೋರಿಗೆ ಈಗ ತಾನೇ ಯಜಮಾನಿಕೆ ಬಂದಿದೆ.”

“ಮುಚ್ಕೊಂಡಿದ್ದೂ ಮುಚ್ಕೊಂಡಿದ್ದೂ ನನ್ನ ಬಳಗಕ್ಕೆ ಕೂಗೋದೇ ಮರೆತುಹೋಗಿದೆ ಕಣಯ್ಯ” ಎಂದು ದೇವೀರಕ್ಕ ತಿರುಗಿ ಹೋದಳು. ಬೇಸಗೆಯ ಉರಿಗೆ ಕೆರೆ ಹಿಂದೆ ಸರಿಯುತ್ತಿತ್ತು. ಕಪ್ಪೆಗಳು ಒಂದೊಂದಾಗಿ ಕೆಸರಿನಾಳಕ್ಕೆ ಇಳಿದು ಕಣ್ಣುಮುಚ್ಚಿದವು.

ಇತ್ತ ದೊಡ್ಡಮ್ಮ ಸುಮ್ಮನಿರಲಿಲ್ಲ. ಒಂದು ದಿನ ಉಪ್ಪುಮಣ್ಣು ನೆಕ್ಕುವ ಜಾಗದಲ್ಲಿ ಅವಳಿಗೆ ಕೋಣಗಳ ಹಿರಿಯ ಎದುರಾದ.

“ನೀನೂ ದೊಡ್ಡವನು, ನಾನೂ ದೊಡ್ಡವಳು” ಎಂದಳು ದೊಡ್ಡಮ್ಮ. “ನಮ್ಮ ನಮ್ಮ ಜಗಳದಲ್ಲಿ ಒಂದು ಹಿಡಿ ಪುಕ್ಕಕ್ಕೆ ಇಬ್ಬರೂ ತಲೆಬಾಗಿಸ್ತಾ ಇದ್ದೀವಲ್ಲ, ನಾಚಿಕೆ ಆಗಲ್ವಾ? ಇವತ್ತು ನನ್ನ ಬಿಟ್ಟ. ನಾಳೆ ನಿನ್ನ ಬಿಡ್ತಾನೆ.”

ಕೋಣ ಉಸಿರು ಬಿಟ್ಟ. “ನನಗೂ ಹಾಗೇ ಅನ್ನಿಸ್ತಿತ್ತು ತಾಯಿ. ಬೆಳಗಾಗೆದ್ರೆ ಬಂದು ತಲೆ ತಿಂತಾನೆ.”

ಒಂದು ವರ್ಷ ನೀನು, ಒಂದು ವರ್ಷ ನಾನು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಸಭೆಯಲ್ಲಿ ಎರಡು ಗುಂಪೂ ಒಂದಾಗಿ ನಿಂತಾಗ, ಹುಂಡಪ್ಪ ಯಾವ ಕಡೆ ನಿಂತರೂ ಕೇಳುವವರಿರಲಿಲ್ಲ. ಅವನ ಪಕ್ಕಕ್ಕೆ ಮುಸುವ ಬಂದು ಕೂತ.

“ಇಳೀರಿ ಅಣ್ಣ.”

“ಇದು ನನಗೆ ಕೊಟ್ಟ ಕೊಂಬೆ ಕಣಯ್ಯ!”

“ಕೊಟ್ಟವರೇ ಬೇಡ ಅಂತಿದ್ದಾರೆ. ಇಳಿದ್ರೆ ಇಳೀರಿ, ಇಲ್ಲಾಂದ್ರೆ ಅಲ್ಲಾಡಿಸ್ತೀನಿ.”

ಹುಂಡಪ್ಪ ಇಳಿದ.

ರಾಜಿಯಾದ ಸಂಭ್ರಮಕ್ಕೆ ಅಂದು ಸಂಜೆ ಆನೆ, ಕೋಣ ಎರಡೂ ಹಿಂಡು ಒಟ್ಟಿಗೇ ನೀರಿಗೆ ಹೊರಟವು, ಮರಳಿನ ಕಡೆಗೆ. ಅಂಥ ಅದುರು ಕಲ್ಲಮ್ಮನ ಚಿಪ್ಪು ಎಂದೂ ಕಂಡಿರಲಿಲ್ಲ. ಅವಳು ಕತ್ತೆತ್ತಿ ಸುತ್ತಲೂ ನೋಡಿದಳು. ಜೊಂಡಿನೊಳಕ್ಕೆ ಹುಂಡಪ್ಪ ಬಿದ್ದೆನೋ ಎದ್ದೆನೋ ಎಂದು ಓಡಿ ಬರುತ್ತಿದ್ದ.

“ಕ್ರುವಾಕ್! ಕ್ರುವಾಕ್!”

ಮೊದಲಿನ ಗಂಟಲೇ. ಆದರೆ ಅವನ ಕೂಗನ್ನು ಎತ್ತಿಕೊಳ್ಳಲು ಕಪ್ಪೆಯಿಲ್ಲ, ಬೆಳ್ಳಕ್ಕಿಯಿಲ್ಲ, ಏಡಿಯಿಲ್ಲ. ಆನೆಮರಿಯೊಂದು ನಿಂತು ಕಿವಿ ಅಗಲಿಸಿತು. “ಅದಾ? ಅದು ಬರೀ ಕೋಳಿ. ನಡಿ” ಎಂದು ತಾಯಿ ಸೊಂಡಿಲಿನಿಂದ ಮುಂದಕ್ಕೆ ನೂಕಿದಳು. ಕಲ್ಲಮ್ಮ ನೀರಿಗೆ ಜಾರಿಕೊಂಡಳು, ಎರಡು ಹಿಂಡೂ ಮರಳಿಗಿಳಿದವು. ಹೊತ್ತು ಮುಳುಗುವ ತನಕ ಹೊರಳಾಡಿ ಹೋದವು.

ಬೆಳಗಿನ ಜಾವ ಕಲ್ಲಮ್ಮ ದಂಡೆಗೆ ಬಂದಳು. ಮರಳು ಮರಳಾಗಿರಲಿಲ್ಲ. ಸಗಣಿ ಸಾರಿಸಿ ಗಟ್ಟಿಸಿದ ಕಣದ ಹಾಗಿತ್ತು. ಗುಂಡಿ ಇದ್ದ ಕಡೆ ಹೊಟ್ಟೆಯಾನಿಸಿ ಕೂತಳು. ಏನೂ ಇಲ್ಲ. ಉಸಿರು ಬಿಗಿಹಿಡಿದಳು. ಆಗ ತಿಳಿಯಿತು: ಕೆಳಗಿನಿಂದ, ಬಲು ಮೆಲ್ಲಗೆ, ಉಗುರಿನಷ್ಟೇ ಸಣ್ಣ ಕೆರೆತ. ಕೆಲವು ಮೊಟ್ಟೆ ಉಳಿದಿದ್ದವು. ಮಿಕ್ಕವು ಒಡೆದುಹೋಗಿದ್ದವು. ಮಳೆಯಿನ್ನೂ ಬಂದಿರಲಿಲ್ಲ, ಮೇಲಿನ ಮಣ್ಣು ಕಲ್ಲಾಗಿತ್ತು. ಮರಿಗಳಿಗೆ ದಾರಿಯಿರಲಿಲ್ಲ.

ಕಲ್ಲಮ್ಮ ಮುಂಗಾಲಿನಿಂದ ಅಗೆಯತೊಡಗಿದಳು. ಜೊಂಡಿನ ಅಂಚಿನಿಂದ ಹುಂಡಪ್ಪ ಹಿಂಜರಿಯುತ್ತಾ ಹೊರಗೆ ಬಂದ.

“ಅಕ್ಕ, ನಾನು ಹೋಗಿ ದೊಡ್ಡಮ್ಮನ ಹತ್ರ ಮಾತಾಡ್ಲಾ? ನನ್ನ ಮಾತು ಇನ್ನೂ ಸ್ವಲ್ಪ...”

“ಮಾತು ಬೇಡ. ಕೆದರು.”

ಹುಂಡಪ್ಪನ ಕಾಲು ಉದ್ದ, ಬೆರಳು ಚೂಪು. ಅವನು ಬಾಯಿ ಮುಚ್ಚಿಕೊಂಡು ಕೆದರಿದ. ಉಗುರು ಕಿತ್ತು ರಕ್ತ ಬಂದರೂ ನಿಲ್ಲಿಸಲಿಲ್ಲ. ಗಟ್ಟಿಮಣ್ಣಿನ ಹೆಂಟೆಯೊಂದು ಎದ್ದು ಬಂತು. ಅದರಡಿಯಿಂದ ನಾಣ್ಯದಷ್ಟಗಲದ ಒಂದು ಮರಿ ಮೂಗು ಹೊರಗೆ ಚಾಚಿತು. ಅದರ ಹಿಂದೆ ಮತ್ತೊಂದು. ಕಲ್ಲಮ್ಮ ಅವುಗಳನ್ನು ಮೂತಿಯಿಂದ ನೀರಿನ ಕಡೆಗೆ ತಳ್ಳಿದಳು. ಕೆರೆ ಹಿಂದೆ ಸರಿದಿದ್ದರಿಂದ ನೀರು ದೂರವಿತ್ತು. ಮರಿಗಳು ಗೊರಸಿನ ಗುಳಿಗಳಲ್ಲಿ ಬೀಳುತ್ತಾ ಏಳುತ್ತಾ ಹೋದವು.

“ಇನ್ನೂ ಇದ್ದಾವೆ ಅಕ್ಕ! ಕೆಳಗೆ ಇನ್ನೂ ಇದ್ದಾವೆ!”

ಅಷ್ಟರಲ್ಲಿ ಕಲ್ಲಮ್ಮನ ಚಿಪ್ಪು ಅದುರಿತು. ಬೆಳಗಿನ ನೀರಿಗೆ ಹಿಂಡು ಹೊರಟಿತ್ತು. ಹುಂಡಪ್ಪ ತಲೆಯೆತ್ತಿ ಒಂದು ಸಲ ಕೂಗಿದ. ಎಲ್ಲಿಂದಲೂ ಮಾರುದನಿ ಬರಲಿಲ್ಲ. ಇನ್ನೊಂದು ಸಲ ಕೂಗಲು ಕೊಕ್ಕು ತೆರೆದವನು, ದಿಬ್ಬದ ತಿರುವಿನಲ್ಲಿ ಎದ್ದ ಧೂಳು ಕಂಡು, ಜೊಂಡಿನೊಳಕ್ಕೆ ಓಡಿಹೋದ.

ಕಲ್ಲಮ್ಮ ಓಡಲಿಲ್ಲ. ಓಡಿದರೂ ಎಷ್ಟು ದೂರ ಓಡಿಯಾಳು? ತೋಡಿದ ಗುಂಡಿಯ ಬಾಯಿಗೆ ತನ್ನ ಮೈಯನ್ನೇ ಎಳೆದು ಮುಚ್ಚಿ, ತಲೆಯನ್ನೂ ಕಾಲನ್ನೂ ಒಳಗೆ ಸೆಳೆದುಕೊಂಡಳು. “ಗಂಗಮ್ಮ ತಾಯಿ” ಎಂದಷ್ಟೇ ಅಂದಳು. ಹೊಟ್ಟೆಯ ಕೆಳಗೆ ಪುಟ್ಟ ಉಗುರುಗಳು ಕೆರೆಯುತ್ತಲೇ ಇದ್ದವು. ಕಾಲುಗಳು ಬಂದವು. ಒಂದು ಕಾಲು ಚಿಪ್ಪಿನ ಅಂಚನ್ನು ಮೆಟ್ಟಿ ಜಾರಿತು. ಪಕ್ಕದ ಮರಳು ಕುಸಿದು ಗುಂಡಿಯೊಳಗೆ ಇಳಿಯಿತು. ಆಮೇಲೆ ನೀರಿನ ಸದ್ದು, ಮರಿಯಾನೆಗಳ ಕೀಚು, ಮತ್ತೆ ಕಾಲುಗಳು.

ಎಲ್ಲ ಹೋದ ಮೇಲೆ ಅವಳು ಕತ್ತು ಹೊರಗೆ ಹಾಕಿದಳು. ಚಿಪ್ಪಿನ ಅಂಚು ಸೀಳಿಹೋಗಿತ್ತು, ಜೀವವಿತ್ತು. ಹೊಟ್ಟೆಯಾನಿಸಿ ಬಹಳ ಹೊತ್ತು ಕಾದಳು. ಕೆಳಗೆ ಕೆರೆತ ನಿಂತುಹೋಗಿತ್ತು.

“ಅಕ್ಕ...?” ಜೊಂಡಿನೊಳಗಿನಿಂದ ದನಿ ಬಂತು.

ಅವಳು ಆ ಕಡೆ ತಿರುಗಲಿಲ್ಲ. ಕದಡಿದ ನೀರಿನಂಚಿನಲ್ಲಿ ಎರಡೋ ಮೂರೋ ಸಣ್ಣ ತಲೆಗಳು ತೇಲುತ್ತಾ ಮುಳುಗುತ್ತಾ ಇದ್ದವು. ಕಲ್ಲಮ್ಮ ಮೈಯನ್ನು ಎಳೆದುಕೊಂಡು, ಅವುಗಳ ಕಡೆಗೆ ನೀರಿಗಿಳಿದಳು.

ನೀತಿ: ಯಾವ ಕೆಲಸಕ್ಕಾಗಿ ನಾಲ್ಕು ಜನ ನಂಬಿ ಜೊತೆಗೂಡಿದರೋ ಅದನ್ನು ಬಿಟ್ಟು ಪದವಿಯ ಬೆನ್ನು ಹತ್ತಿದವನಿಗೆ ಪದವಿಯೂ ಉಳಿಯದು, ಜೊತೆಗಾರರೂ ಉಳಿಯರು, ಅದರ ನಷ್ಟವನ್ನು ಮಾತ್ರ ಅವನನ್ನು ನಂಬಿದವರು ಹೊರಬೇಕಾಗುತ್ತದೆ.